ಕಲ್ಕತ್ತೆಯ ಗಾಲಿಗಳು, ಯೂರೋಪಿನ ಹಾದಿಗಳು

ಹೂಗ್ಲಿ ನದಿಯ ದಂಡೆಗೆ ಅನತಿದೂರದಲ್ಲಿ, ಹೈಕೋರ್ಟಿನ ನೆರೆಯಲ್ಲಿ, ಸ್ಥೂಲವಾದ ಕಂಬಗಳ ಸಾಲನ್ನು ಮುಂದಿಟ್ಟುಕೊಂಡು ನಿಂತಿರುವ ಕಲ್ಕತ್ತೆಯ ಟೌನ್ ಹಾಲ್, 1813ರಲ್ಲಿ ಕಟ್ಟಿ ಮುಗಿದಂದಿನಿಂದ ಎಷ್ಟೋ ಸಭೆಗಳನ್ನೂ ಸನ್ಮಾನಗಳನ್ನೂ ಕಂಡಿದೆ. 1905ರ ಆಗಸ್ಟ್ 7ರಂದು ವಂಗಭಂಗವನ್ನು ವಿರೋಧಿಸಿ ವಿದೇಶಿ ವಸ್ತುಗಳ ಬಹಿಷ್ಕಾರವನ್ನು ಸಾರಿದ ಮಹಾಸಭೆ ನಡೆದುದೂ ಅಲ್ಲಿಯೇ. ಅದೇ ಸೌಧದಿಂದ 1926ರ ಡಿಸೆಂಬರ್ 12ರಂದು ನಾಲ್ವರು ಬಂಗಾಳಿ ತರುಣರು ಸ್ನೇಹಿತರ ಹಾರೈಕೆಗಳನ್ನು ಹೊತ್ತು, ಬೈಸಿಕಲ್ಲುಗಳನ್ನೇರಿ ಪೃಥ್ವೀಪರ್ಯಟನಕ್ಕೆ ಹೊರಟರು. ಅಶೋಕ ಮುಖರ್ಜಿ ಅವರ ನಾಯಕ. ಆನಂದ ಮುಖರ್ಜಿ, ಮಣೀಂದ್ರ ಘೋಷ್, ಬಿಮಲ್ ಮುಖರ್ಜಿ ಉಳಿದ ಮೂವರು. ಸಿರಿವಂತಿಕೆಯ ಬೆಂಬಲ ಅವರಿಗಿರಲಿಲ್ಲ, ಸರ್ಕಾರದ ಆಶ್ರಯವೂ ಇರಲಿಲ್ಲ. ಹಾದಿಯ ಖರ್ಚನ್ನು ಹಾದಿಯೇ ಕೊಡಬೇಕು, ಅಂದರೆ ಹಾದಿಯಲ್ಲಿ ಕಾಣುವ ಜನರೇ ಕೊಡಬೇಕು ಎಂಬ ನಂಬಿಕೆಯೊಂದೇ ಅವರ ಮೂಲಧನ.

ಇಂದು ಯೂರೋಪಿನ ದೇಶಗಳಲ್ಲಿ ಹತ್ತಾರು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು, ರೋಗಿಗಳ ಶುಶ್ರೂಷೆಗಾಗಿಯೋ ಅನಾಥಶಿಶುಗಳ ಪೋಷಣೆಗಾಗಿಯೋ ಹಣ ಕೂಡಿಸುತ್ತ, ಒಂದು ರಾಜ್ಯದ ಗಡಿಯಿಂದ ಇನ್ನೊಂದರ ಗಡಿಗೆ ಸೈಕಲ್ಲಿನ ಮೇಲೆ ಸಾಗುವ ಪದ್ಧತಿ ಬಹಳ ಹಬ್ಬಿದೆ. ನಮ್ಮ ಊರುಗಳಲ್ಲಿ ಶಾಲೆಯ ಕಟ್ಟಡಕ್ಕೆಂದೋ ನೆರೆಸಂತ್ರಸ್ತರಿಗೆಂದೋ ಸಹಾಯಾರ್ಥ ನಾಟಕಗಳನ್ನು ಆಡುತ್ತಿದ್ದುದನ್ನು ಬಲ್ಲವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಬಣ್ಣ ಹಚ್ಚಿ ಕುಣಿಯುವವನ ಸ್ಥಾನದಲ್ಲಿ ಇಲ್ಲಿ ಬೆವರು ಸುರಿಸಿ ಪೆಡಲು ತುಳಿಯುವವನು ಇದ್ದಾನೆ, ಅಷ್ಟೆ. ಈ ಸಹಾಯಾರ್ಥ ಸೈಕಲ್ ಯಾತ್ರೆಯ ಸ್ವರೂಪವನ್ನು ಕನ್ನಡ ವಾಚಕರಿಗೆ ಪರಿಚಯಿಸಹೊರಟಾಗ ನನ್ನ ದೃಷ್ಟಿ ಪದೇ ಪದೇ ಕಲ್ಕತ್ತೆಯ ಕಡೆಗೇ ಹೊರಳುತ್ತದೆ. ಏಕೆಂದರೆ ಯೂರೋಪಿನ ಉದ್ದಗಲವನ್ನು ಎರಡು ಗಾಲಿಗಳ ಮೇಲೆ ಅಳೆದ ಭಾರತೀಯರ ಪರಂಪರೆಯೊಂದು ಆ ನಗರದಲ್ಲಿ ಮೂರು ತಲೆಮಾರುಗಳಿಂದ ನಡೆದು ಬಂದಿದೆ. ಆ ಪರಂಪರೆಯನ್ನು ಅರಿಯದೆ ಇಂದಿನ ಸಹಾಯಾರ್ಥ ಯಾತ್ರೆಯ ಅಂತಃಸತ್ತ್ವವನ್ನು ಅರಿಯುವುದು ಕಷ್ಟವೆಂದೇ ನನ್ನ ಭಾವನೆ.

ಬೈಸಿಕಲ್ಲಿಗೂ ಕಲ್ಕತ್ತೆಗೂ ನಂಟು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟದೊಂದು ಗಾಲಿ ಇದ್ದ ಹಳೆಯ ಮಾದರಿಯ ಯಂತ್ರದ ಮೇಲೆ ಮೊತ್ತಮೊದಲಿಗೆ ಭೂಪ್ರದಕ್ಷಿಣೆ ಮಾಡಿದ ಥಾಮಸ್ ಸ್ಟೀವನ್ಸ್, 1884ರ ಏಪ್ರಿಲಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರವನ್ನು ಬಿಟ್ಟು, ಯೂರೋಪನ್ನು ದಾಟಿ, ಪರ್ಷಿಯದಲ್ಲಿ ಚಳಿಗಾಲ ಕಳೆದು, ಆಫ್ಘಾನಿಸ್ತಾನದಲ್ಲಿ ತಡೆಗೊಳಗಾಗಿ, ಸುತ್ತುಬಳಸಿ ಕರಾಚಿಗೆ ಬಂದಿಳಿದನು. ಲಾಹೋರಿನಿಂದ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಹಿಡಿದು 1886ರಲ್ಲಿ ಅವನು ತಲುಪಿದ್ದು ಕಲ್ಕತ್ತೆಯನ್ನು. ಅಲ್ಲಿಂದ ಮುಂದಕ್ಕೆ ಹಡಗಿನಲ್ಲಿ ಚೀನದ ಕಡೆಗೆ ಹೋದನು. ಅನಂತರದ ಕಾಲದಲ್ಲಿ ಕುಂತಲೀನ್ ಎಂಬ ಕೇಶತೈಲದಿಂದಲೂ ಧ್ವನಿಮುದ್ರಣದ ಪ್ರಯೋಗಗಳಿಂದಲೂ ಪ್ರಸಿದ್ಧನಾದ ಹೇಮೇಂದ್ರಮೋಹನ ಬಸು ಎಂಬ ಉದ್ಯಮಿ ಹ್ಯಾರಿಸನ್ ರಸ್ತೆಯಲ್ಲಿ ಸೈಕಲ್ ಅಂಗಡಿಯನ್ನಿಟ್ಟು, ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಮೊದಲಾದ ಮಹನೀಯರಿಗೆ ಸ್ವತಃ ಸೈಕಲ್ ಸವಾರಿ ಕಲಿಸಿದನು. ವಿಜ್ಞಾನದಲ್ಲಿ ಲೋಕವಿಖ್ಯಾತರಾದ ಇಬ್ಬರು ಆಚಾರ್ಯರು ಹ್ಯಾಂಡಲು ಹಿಡಿದು ತೂಗಾಡುತ್ತಿದ್ದ ದೃಶ್ಯವನ್ನು ಊಹಿಸಿಕೊಂಡರೆ, ಆ ಕಾಲದ ಬಂಗಾಳದಲ್ಲಿ ಈ ವಾಹನಕ್ಕೆ ಎಂಥ ಗೌರವವಿತ್ತೆಂಬುದು ಮನಸ್ಸಿಗೆ ಬರುತ್ತದೆ.

ಆ ಗೌರವಕ್ಕೆ ಇನ್ನೊಂದು ಕಾರಣವೂ ಉಂಟು. ಮೆಕಾಲೆ 1841ರಲ್ಲಿ ವಾರನ್ ಹೇಸ್ಟಿಂಗ್ಸನ ಮೇಲೆ ಬರೆದ ಪ್ರಬಂಧದಲ್ಲಿ ಬಂಗಾಳಿಗಳನ್ನು ದೇಹಬಲವಿಲ್ಲದ ಸುಕುಮಾರ ಜನಾಂಗವೆಂದು ಚಿತ್ರಿಸಿದ್ದು ಆ ಪ್ರಾಂತದ ವಿದ್ಯಾವಂತರ ಮನಸ್ಸನ್ನು ಎರಡು ತಲೆಮಾರುಗಳ ಕಾಲ ಚುಚ್ಚುತ್ತಿತ್ತು. ಗರಡಿಮನೆಗಳೂ ವ್ಯಾಯಾಮಸಂಘಗಳೂ ಈಜು, ಕುಸ್ತಿ, ಲಾಠಿಗಳ ಅಭ್ಯಾಸವೂ ಸ್ವದೇಶಿ ಚಳುವಳಿಯ ದಿನಗಳಲ್ಲಿ ಬಂಗಾಳದ ಹಳ್ಳಿಹಳ್ಳಿಯಲ್ಲಿ ತಲೆಯೆತ್ತಿದುದರ ಹಿಂದೆ ಆ ನೋವು ಇತ್ತು. ಬಂಗಾಳದ ಹೊರಗೂ ಇಂಥ ಹುಮ್ಮಸ್ಸು ಇತ್ತು. ಮುಂಬಯಿಯ ಆರು ಮಂದಿ ಪಾರ್ಸಿ ತರುಣರು 1923ರ ಅಕ್ಟೋಬರ್ 15ರಂದು ಸೈಕಲ್ಲುಗಳ ಮೇಲೆ ಲೋಕಸಂಚಾರಕ್ಕೆ ಹೊರಟರು; ಅವರಲ್ಲಿ ಅದೀ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮ್ಗರಾ ಎಂಬ ಮೂವರು ಮಾತ್ರ 1928ರ ಮಾರ್ಚಿನಲ್ಲಿ ಯಾತ್ರೆಯನ್ನು ಪೂರೈಸಿ ಮರಳಿದರು. ಅವರಿನ್ನೂ ಹಾದಿಯಲ್ಲಿದ್ದಾಗಲೇ ಕಲ್ಕತ್ತೆಯ ನಾಲ್ವರು ಹೊರಟದ್ದು. ಪರಾಧೀನ ದೇಶದ ಪ್ರಜೆಗಳಾದ ತಾವು ಆಳುವವರ ಖಂಡದಲ್ಲಿ ಯಾರ ಸೇವಕರಾಗಿಯೂ ಅಲ್ಲದೆ, ತಮ್ಮ ಕಾಲುಗಳ ಬಲದಿಂದ ಓಡಾಡಬಲ್ಲೆವೆಂದು ತೋರಿಸುವ ಅಭಿಮಾನ ಆ ಎಲ್ಲರಲ್ಲಿಯೂ ಇದ್ದಿರಬೇಕು.

ಬಿಮಲ್ ಮುಖರ್ಜಿ ತಮ್ಮ ಇಳಿವಯಸ್ಸಿನಲ್ಲಿ ಬರೆದು 1986ರಲ್ಲಿ ಪ್ರಕಟವಾದ 'ದು ಚಾಕಾಯ್ ದುನಿಯಾ' ಎಂಬ ಗ್ರಂಥ ಈ ಸಾಹಸದ ಮುಖ್ಯ ದಾಖಲೆ. ಉತ್ತರ ಹಿಂದೂಸ್ಥಾನವನ್ನೂ ರಾಜಪುತಾನದ ಮರಳುಸೀಮೆಯನ್ನೂ ಹಾಯ್ದು ಕರಾಚಿ ಸೇರಿ, ಸಮುದ್ರಮಾರ್ಗವಾಗಿ ಬಸ್ರಾ ಬಂದರಿಗೆ ಹೋಗಿ, ಇರಾಕ್, ಸಿರಿಯ, ತುರ್ಕಿ ದೇಶಗಳ ಮೂಲಕ ಯೂರೋಪನ್ನು ಪ್ರವೇಶಿಸಿದ ಆ ದಾರಿಯಲ್ಲಿ ಮರುಭೂಮಿಯ ಭಾಗವೇ ಅತ್ಯಂತ ಕ್ರೂರವಾದುದು. ಬೈಸಿಕಲ್ಲು ಗಟ್ಟಿನೆಲದ ವಾಹನ. ಎರಡು ಬೆರಳಗಲದ ಟೈರು ಸಡಿಲವಾದ ಮರಳಿಗೆ ಬಿದ್ದ ಕೂಡಲೇ ರಿಮ್ಮಿನವರೆಗೆ ಹೂತುಹೋಗುತ್ತದೆ, ಮುಂದಿನ ಗಾಲಿ ಅಡ್ಡ ತಿರುಗಿ ಸವಾರನನ್ನು ಕೆಡಹುತ್ತದೆ. ಅನಂತರ ವಾಹನವೇ ಹೊರೆಯಾಗಿ, ಅದನ್ನೂ ಅದರ ಕ್ಯಾರಿಯರಿನ ಮೇಲಿನ ಹಾಸಿಗೆ, ಪಾತ್ರೆ, ನೀರಿನ ಚೀಲಗಳನ್ನೂ ಕಣಕಾಲುದ್ದದ ಮರಳಿನಲ್ಲಿ ತಳ್ಳಿಕೊಂಡು ನಡೆಯಬೇಕಾಗುತ್ತದೆ. ಮರಳಿನ ಕಣ ಚೈನಿನ ಕೊಂಡಿಗಳಲ್ಲಿಯೂ ಗಾಲಿಯ ನಡುವಣ ಗುಂಡುಗಳಲ್ಲಿಯೂ ಸೇರಿ ಎಣ್ಣೆಯನ್ನು ಹೀರಿ, ಕಬ್ಬಿಣವನ್ನು ಅರದಂತೆ ತೇಯುತ್ತದೆ. ಟ್ಯೂಬು ತೂತಾದಾಗ ಮುಳುಗಿಸಿ ಗುಳ್ಳೆ ನೋಡಲು ಒಂದು ಬೊಗಸೆ ನೀರನ್ನು ವೆಚ್ಚಮಾಡುವುದೂ ಅಲ್ಲಿ ಯೋಚಿಸಬೇಕಾದ ಮಾತು. ತೂತನ್ನು ತುಟಿಗೆ ಹಿಡಿದು ಗಾಳಿಯ ತಂಪಿನಿಂದ ಗುರುತಿಸಿ, ಉಜ್ಜುಕಾಗದದಿಂದ ರಬ್ಬರನ್ನು ಒರಟುಮಾಡಿ, ಸೊಲ್ಯೂಷನ್ ಹಚ್ಚಿ, ಅದು ಅರೆ ಒಣಗುವ ತನಕ ಕಾದು, ತೇಪೆಯನ್ನು ಒತ್ತಿ, ಕೈಪಂಪಿನಿಂದ ಗಾಳಿ ಹೊಡೆದು ಎದ್ದುನಿಲ್ಲುವ ಕೆಲಸ ಮನೆಯ ಜಗಲಿಯಲ್ಲಿ ಕಾಲು ಗಂಟೆಯದು. ಬಿಸಿಲು ಉರಿಯುವ ಬಯಲಿನಲ್ಲಿ ಅದೇ ಒಂದು ತಪಸ್ಸು.

ತುರ್ಕಿಯನ್ನು ದಾಟಿ ಯೂರೋಪನ್ನು ಮುಟ್ಟಿದ ಮೇಲೆ ರಸ್ತೆಗಳು ಉತ್ತಮವಾದುವು, ಆದರೆ ತಂಡ ಕೊನೆಯವರೆಗೆ ಒಂದಾಗಿ ಉಳಿಯಲಿಲ್ಲ. ಬಿಮಲ್ ಒಬ್ಬರೇ ಮುಂದೆ ಸಾಗಿದರು. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಮುಂಬಯಿಯ ಆರು ಮಂದಿ ಮೂವರಾಗಿ ಮರಳಲಿಲ್ಲವೆ? ತಿಂಗಳುಗಟ್ಟಲೆ ಒಂದೇ ವೇಗದಲ್ಲಿ, ಒಂದೇ ಬಡತನದಲ್ಲಿ, ಒಂದೇ ಗುಡಾರದಲ್ಲಿ ಬದುಕುವಾಗ, ಒಬ್ಬನ ಆತುರ ಇನ್ನೊಬ್ಬನ ಆಯಾಸಕ್ಕೆ ಒಗ್ಗದಿರುವುದೂ, ಒಬ್ಬನಿಗೆ ನೋಡಬೇಕೆನ್ನಿಸಿದ ಊರು ಇನ್ನೊಬ್ಬನಿಗೆ ದಾಟಬೇಕಾದ ಊರಾಗುವುದೂ ಸಹಜ; ಹಣ ತೀರಿಹೋದಾಗಲಂತೂ ಪ್ರತಿಯೊಬ್ಬನ ಅನ್ನದ ದಾರಿ ಪ್ರತ್ಯೇಕವಾಗಿಬಿಡುತ್ತದೆ. ಗುಂಪಿನ ಯಾತ್ರೆಯನ್ನು ಕುರಿತು ಇಂದಿನ ವ್ಯವಸ್ಥಾಪಕರು ಇಷ್ಟೊಂದು ನಿಯಮಗಳನ್ನು ಏಕೆ ಮಾಡಿಕೊಂಡಿದ್ದಾರೆಂಬುದಕ್ಕೆ ಉತ್ತರ ಇಲ್ಲಿಯೇ ಇದೆ.

ಒಬ್ಬಂಟಿಯಾದ ಮೇಲೆ ಬಿಮಲ್ ಮುಖರ್ಜಿ ಮಾಡದ ಕೆಲಸವಿಲ್ಲ. ಉತ್ತರ ಸಮುದ್ರಗಳಲ್ಲಿ ಮೀನು ಹಿಡಿಯುವ ಹಡಗಿನಲ್ಲಿ ದುಡಿದರು, ಡೆನ್ಮಾರ್ಕಿನಲ್ಲಿ ಹೈನುಗಾರಿಕೆಯ ಕೆಲಸಕ್ಕೆ ನಿಂತರು, ಛಾಯಾಚಿತ್ರಗಳನ್ನು ತೆಗೆದರು, ಭಾರತದ ವಿಷಯವಾಗಿ ಭಾಷಣಗಳನ್ನು ಮಾಡಿದರು; ಕೈಗೆ ನಾಲ್ಕು ಕಾಸು ಸೇರಿದ ಕೂಡಲೇ ಮತ್ತೆ ಪೆಡಲಿನ ಮೇಲೆ ಕಾಲಿಟ್ಟರು. ಐಸ್‌ಲೆಂಡಿನ ಹಿಮವನ್ನೂ ಆಫ್ರಿಕದ ಕಾಡುಗಳನ್ನೂ ದಕ್ಷಿಣ ಅಮೆರಿಕವನ್ನೂ ಜಪಾನನ್ನೂ ನೋಡಿ ಅವರು ಸ್ವದೇಶಕ್ಕೆ ಮರಳುವ ವೇಳೆಗೆ 1937 ಬಂದಿತ್ತು.

ಅವರ ಸಮಕಾಲೀನರಾದ ರಾಮನಾಥ ಬಿಸ್ವಾಸ್ ಇನ್ನೂ ನಿರಾಡಂಬರದ ಮನುಷ್ಯ. ಸಿಲ್ಹೆಟ್ ಜಿಲ್ಲೆಯ ಬಾನಿಯಾಚಂಗ್ ಎಂಬ ದೊಡ್ಡ ಹಳ್ಳಿಯಲ್ಲಿ 1894ರಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸೇನೆಯಲ್ಲಿದ್ದು, ಬಳಿಕ ಮಲಯದ ಕಡೆ ಉದ್ಯೋಗಕ್ಕೆ ಹೋದ ಇವರು, 1931ರ ಜುಲೈ 7ರಂದು ಸಿಂಗಪುರದಿಂದ ಸೈಕಲ್ಲೇರಿ ಹೊರಟಾಗ ಜೊತೆಯಲ್ಲಿದ್ದ ಸರಂಜಾಮು ಎರಡು ಹೊದಿಕೆ, ಒಂದು ಜೊತೆ ಚಪ್ಪಲಿ, ಸೈಕಲ್ ದುರಸ್ತಿಯ ಸಲಕರಣೆಗಳ ಪೆಟ್ಟಿಗೆ, ಇಷ್ಟೇ ಎಂದು ಹೇಳುತ್ತಾರೆ. ಪೂರ್ವದೇಶಗಳ ಸಂಚಾರವನ್ನು ಮುಗಿಸಿ, 1934ರಲ್ಲಿ ಮತ್ತೆ ಹೊರಟು, ಆಫ್ಘಾನಿಸ್ತಾನ, ಪರ್ಷಿಯ, ಇರಾಕ್, ಸಿರಿಯ, ತುರ್ಕಿಗಳನ್ನು ಹಾಯ್ದು, ಬಲ್ಗೇರಿಯ, ಯುಗೊಸ್ಲಾವಿಯ, ಹಂಗೇರಿ, ಆಸ್ಟ್ರಿಯ, ಚೆಕೊಸ್ಲೊವಾಕಿಯ, ಜರ್ಮನಿ, ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ದೇಶಗಳ ಮೇಲೆ ಇಂಗ್ಲೆಂಡನ್ನು ಮುಟ್ಟಿದರು. ಎರಡು ಮಹಾಯುದ್ಧಗಳ ನಡುವಣ ಆ ಕಾಲದಲ್ಲಿ ಪ್ರತಿಯೊಂದು ಗಡಿಯಲ್ಲಿಯೂ ಹೊಸ ರಹದಾರಿ, ಹೊಸ ನಾಣ್ಯ, ಹೊಸ ಸಂಶಯ. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗಿತ್ತು. ಅಂಥ ಭೂಖಂಡವನ್ನು ಒಬ್ಬ ಶ್ಯಾಮಲವರ್ಣದ ಬಡವ ಒಂಟಿಯಾಗಿ ಹಾದುಹೋದುದನ್ನು ನೆನೆದರೆ ಈಗಲೂ ರೋಮಾಂಚವಾಗುತ್ತದೆ. ದೇಹ ಜರ್ಜರಿತವಾಗಿ 1936ರಲ್ಲಿ ಅವರು ಹಡಗಿನಲ್ಲಿ ಪೋರಬಂದರಿಗೆ ಬಂದಿಳಿದರು. ಚೇತರಿಸಿಕೊಂಡು 1938ರಲ್ಲಿ ಆಫ್ರಿಕಕ್ಕೆ ಹೊರಟೇಬಿಟ್ಟರು. ಮೂವತ್ತಕ್ಕೆ ಮೇಲ್ಪಟ್ಟು ಪುಸ್ತಕಗಳನ್ನು ಬರೆದು, ದೇಶವಿಭಜನೆಯ ಅನಂತರ ಕಲ್ಕತ್ತೆಯಲ್ಲಿ ನೆಲಸಿ, 1955ರಲ್ಲಿ ಅಲ್ಲಿಯೇ ತೀರಿಕೊಂಡರು.

ಇವರಾರೂ ಇಂದಿನ ಅರ್ಥದಲ್ಲಿ ಸಹಾಯಾರ್ಥ ಯಾತ್ರೆ ಮಾಡಿದವರಲ್ಲ. ಇವರು ಕೊಡಲು ಹೋದವರಲ್ಲ, ಪಡೆಯಲು ಹೋದವರು: ಒಂದು ರಾತ್ರಿಯ ಮಾಡು, ಒಂದು ಹೊತ್ತಿನ ರೊಟ್ಟಿ, ಮುಂದಿನ ಊರಿನ ಸ್ನೇಹಿತನಿಗೊಂದು ಪತ್ರ. ಹೀಗೆ ಪಡೆಯುವುದರಲ್ಲಿ ಅಪಮಾನವಿತ್ತೆ ಎಂದು ಕೆಲವರು ಕೇಳಬಹುದು. ಕಾಲ್ನಡಿಗೆಯಲ್ಲಿ ಕಾಶಿಗೆ ಹೋಗುತ್ತಿದ್ದ ನಮ್ಮ ಹಿರಿಯರು ಛತ್ರಗಳಲ್ಲಿ ತಂಗಿ, ಅರವಟ್ಟಿಗೆಗಳ ನೀರು ಕುಡಿದು, ಅಪರಿಚಿತರ ಮನೆಯ ಅಂಬಲಿಯನ್ನುಂಡು ನಡೆದರು; ಅವರಿಗೆ ಉಣಬಡಿಸಿದವರು ತಾವು ಯಾತ್ರೆಯ ಪುಣ್ಯದಲ್ಲಿ ಪಾಲುಗಾರರೆಂದು ತಿಳಿದರು. ಯಾತ್ರಿಕನ ದೈನ್ಯವೇ ದಾತೃವಿನ ಔದಾರ್ಯಕ್ಕೆ ಬಾಗಿಲು. ಮೋಟಾರಿನಲ್ಲಿ ಬಂದವನಿಗೆ ಯಾರೂ ಮಜ್ಜಿಗೆ ಕೊಡುವುದಿಲ್ಲ, ಕೊಡಬೇಕೆಂದು ತೋರುವುದೂ ಇಲ್ಲ. ಧೂಳು ಮೆತ್ತಿದ ಸೈಕಲ್ಲನ್ನು ಗೋಡೆಗೆ ಆನಿಸಿ ನೀರು ಕೇಳುವವನನ್ನು ಕಂಡರೆ, ಅವನ ಭಾಷೆ ತಿಳಿಯದಿದ್ದರೂ, ಮನೆಯಾಕೆ ಒಳಕ್ಕೆ ಹೋಗಿ ಏನಾದರೂ ತರುತ್ತಾಳೆ. ಇಂದಿನ ಸಹಾಯಾರ್ಥ ಯಾತ್ರೆ ಹಣ ಕೂಡಿಸುವ ತನ್ನ ಶಕ್ತಿಯನ್ನು ಪಡೆದಿರುವುದು ಈ ಹಳೆಯ ಸಂಬಂಧದಿಂದಲೇ ಎಂದು ನನಗೆ ದೃಢವಾಗಿ ತೋರುತ್ತದೆ. ಸವಾರನ ಕಷ್ಟವನ್ನು ಕಣ್ಣಾರೆ ಕಂಡವನು ಜೇಬಿಗೆ ಕೈಹಾಕುತ್ತಾನೆ.

ಈ ಆಧುನಿಕ ಪದ್ಧತಿಗೆ ಯೂರೋಪಿನಲ್ಲಿ ದೊರೆಯುವ ಅತ್ಯುತ್ತಮ ನಿದರ್ಶನವನ್ನು ಡೆನ್ಮಾರ್ಕ್ ಒದಗಿಸುತ್ತದೆ. ಆ ದೇಶದಲ್ಲಿ ರಿಂಕೆಬಿ ಎಂಬ ಹೆಸರಿನ, ಹಣ್ಣಿನ ರಸ ತಯಾರಿಸುವ ಕಾರ್ಖಾನೆಯೊಂದಿದೆ. ಅದಕ್ಕೆ ಸಂಬಂಧಿಸಿದ ಹನ್ನೊಂದು ಮಂದಿ ಹವ್ಯಾಸಿ ಸವಾರರು 2002ರಲ್ಲಿ, ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯದ ಕೊನೆಯ ದಿನವನ್ನು ನೋಡುವ ಹಂಬಲದಿಂದ, ಪ್ಯಾರಿಸಿನವರೆಗೆ ಸೈಕಲ್ಲಿನಲ್ಲಿಯೇ ಹೋದರು. ಪ್ರಾಯೋಜಕರು ಕೊಟ್ಟ ಹಣದಲ್ಲಿ ಖರ್ಚು ಕಳೆದು 38,000 ಕ್ರೋನರು ಮಿಕ್ಕಿತು. ಅದನ್ನು ತಮ್ಮೊಳಗೆ ಹಂಚಿಕೊಳ್ಳಲು ಮನಸ್ಸು ಬಾರದೆ ಅವರು ಓಡೆನ್ಸೆ ನಗರದ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ವಿಭಾಗಕ್ಕೆ ಒಪ್ಪಿಸಿದರು. ಆ ಮಿಕ್ಕ ಹಣದಿಂದ ಹುಟ್ಟಿದ 'ಟೀಮ್ ರಿಂಕೆಬಿ' ಎಂಬ ಸಂಸ್ಥೆ ಇಂದು ಉತ್ತರ ಯೂರೋಪಿನ ಹಲವು ದೇಶಗಳಿಗೆ ಹಬ್ಬಿ, ಪ್ರತಿ ಬೇಸಗೆಯಲ್ಲಿ ಹಳದಿ ಅಂಗಿಯ ತಂಡಗಳನ್ನು ಸುಮಾರು 1,200 ಕಿಲೋಮೀಟರುಗಳ ದಾರಿಯಲ್ಲಿ ಪ್ಯಾರಿಸಿಗೆ ಕಳುಹಿಸುತ್ತಿದೆ. ಸವಾರ ತನ್ನ ಸೈಕಲ್ಲು, ಬಟ್ಟೆ, ಊಟ, ವಸತಿಗಳ ವೆಚ್ಚವನ್ನು ತಾನೇ ಭರಿಸತಕ್ಕದ್ದು. ಪ್ರಾಯೋಜಕರಿಂದ ಬಂದುದೆಲ್ಲವೂ ರೋಗಗ್ರಸ್ತ ಮಕ್ಕಳಿಗೆ ಸಲ್ಲತಕ್ಕದ್ದು ಎಂಬುದು ಅದರ ಮೂಲನಿಯಮ. ಹಾಲೆಂಡಿನವರು 2006ರಲ್ಲಿ ಆರಂಭಿಸಿದ ಇನ್ನೊಂದು ಯಾತ್ರೆ ಇದಕ್ಕಿಂತ ಭಿನ್ನ. ಅವರ ನಾಡು ಸಮತಟ್ಟಾದುದರಿಂದ ಅವರು ಫ್ರಾನ್ಸಿನ ಆಲ್ಪ್ಸ್ ಪರ್ವತಗಳಿಗೆ ಹೋಗಿ, ಇಪ್ಪತ್ತೊಂದು ತಿರುವುಗಳುಳ್ಳ ಆಲ್ಪ್ ದುಯೆಜ್ ಘಾಟಿಯನ್ನು ಒಂದೇ ದಿನದಲ್ಲಿ ಆರು ಸಲ ಏರುವ ಪಣ ತೊಟ್ಟು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಾರೆ.

ಎಲ್ಲ ಯಾತ್ರೆಗಳೂ ರಿಂಕೆಬಿಯವರ ನಿಯಮವನ್ನೇ ಪಾಲಿಸುತ್ತವೆಂದು ಭಾವಿಸಬಾರದು. ಸೇವಾಸಂಸ್ಥೆಯೇ ಪ್ರವಾಸವನ್ನು ಏರ್ಪಡಿಸಿ, ಸವಾರನು ಇಷ್ಟು ಹಣವನ್ನು ಕನಿಷ್ಠಪಕ್ಷ ಕೂಡಿಸಿ ತರಬೇಕೆಂದು ಗೊತ್ತುಮಾಡಿ, ಆ ಮೊತ್ತದೊಳಗಿನಿಂದಲೇ ಹೋಟೆಲು, ಊಟ, ಬೆಂಗಾವಲಿನ ವಾಹನಗಳ ವೆಚ್ಚವನ್ನು ಕಳೆದು ಉಳಿದುದನ್ನು ಸೇವೆಗೆ ಬಳಸುವ ಪದ್ಧತಿಯೂ ಉಂಟು. ಇದು ಅಕ್ರಮವೇನೂ ಅಲ್ಲ. ಆದರೆ ನೂರು ರೂಪಾಯಿ ಕೊಟ್ಟವನಿಗೆ ಅದರಲ್ಲಿ ಎಷ್ಟು ಮಗುವಿನ ಔಷಧಿಗೆ ಹೋಯಿತು, ಎಷ್ಟು ಸವಾರನ ಹಾಸಿಗೆಗೆ ಹೋಯಿತು ಎಂಬುದನ್ನು ತಿಳಿಯುವ ಹಕ್ಕು ಇದೆ. ತಿಳಿಸದ ಸಂಸ್ಥೆಗೆ ನಾನಂತೂ ಕೊಡಲಾರೆ.

ಗುಂಪಾಗಿ ಸಾಗುವುದರಲ್ಲಿ ಒಂದು ಭೌತಶಾಸ್ತ್ರದ ಲಾಭವೂ ಇದೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವವನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಇಮ್ಮಡಿಸಿದರೆ ಗಾಳಿಯ ತಡೆ ನಾಲ್ಮಡಿಸುತ್ತದೆ. ಮುಂದಿನವನ ಹಿಂಗಾಲಿಗೆ ಮೊಳದಂತರದಲ್ಲಿ ತನ್ನ ಮುಂಗಾಲಿಯನ್ನಿಟ್ಟು ಸಾಗುವವನಿಗೆ ಆ ಶ್ರಮದಲ್ಲಿ ಕಾಲುಭಾಗಕ್ಕೂ ಮಿಕ್ಕಿ ಉಳಿತಾಯ. ಆದಕಾರಣ ನುರಿತ ತಂಡದಲ್ಲಿ ಇಬ್ಬಿಬ್ಬರ ಸಾಲಾಗಿ ಹೋಗುತ್ತ, ಮುಂದಿದ್ದವರು ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು ಹಿಂದಕ್ಕೆ ಬರುತ್ತಾರೆ, ಹಿಂದಿನವರು ಮುಂದಾಗುತ್ತಾರೆ. ಬಲಹೀನನನ್ನು ನಡುವೆ ಇಟ್ಟುಕೊಂಡು ಕಾಪಾಡುತ್ತಾರೆ. ಆದರೆ ಮೊಳದಂತರದಲ್ಲಿ ಹಿಂಬಾಲಿಸುವವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಕಾಣುವುದು ಮುಂದಿನವನ ಬೆನ್ನು ಮಾತ್ರ. ಹಳ್ಳ ಬಂದರೆ ಮುಂದಿನವನು ಕೈಯನ್ನು ಕೆಳಕ್ಕೆ ಚಾಚಿ ತೋರಿಸಬೇಕು, ನಿಲ್ಲುವುದಿದ್ದರೆ ಕೂಗಬೇಕು. ಆ ಸಂಜ್ಞೆ ಕ್ಷಣಮಾತ್ರದಲ್ಲಿ ಕಡೆಯವನವರೆಗೆ ಹಾದುಹೋಗಬೇಕು. ಒಬ್ಬ ಮೈಮರೆತರೆ ಹತ್ತು ಮಂದಿ ಉರುಳುತ್ತಾರೆ. ಪರಿಚಯವಿಲ್ಲದ ವಕೀಲ, ದಾದಿ, ಬಡಗಿ, ಮೇಷ್ಟರು ಎಲ್ಲರೂ ತಿಂಗಳುಗಟ್ಟಲೆ ಈ ಶಿಸ್ತನ್ನು ಅಭ್ಯಾಸಮಾಡಿ ಒಬ್ಬರ ಬೆನ್ನನ್ನು ಒಬ್ಬರು ನಂಬಿ ಸಾಗುವ ಸಂಗತಿ, ಕೂಡಿದ ಹಣಕ್ಕಿಂತ ಕಡಿಮೆಯ ಲಾಭವೆಂದು ನಾನು ಎಣಿಸುವುದಿಲ್ಲ.

ಯೂರೋಪು ಈ ಯಾತ್ರಿಕರಿಗಾಗಿ ದಾರಿಯನ್ನೂ ಹದಗೊಳಿಸಿದೆ. 'ಯೂರೋವೆಲೊ' ಎಂಬ ಹೆಸರಿನ ದೂರದ ಸೈಕಲ್ ಮಾರ್ಗಗಳು ಖಂಡದ ಉದ್ದಕ್ಕೂ ಇವೆ. ಅವುಗಳಲ್ಲಿ ಆರನೆಯದು ಅಟ್ಲಾಂಟಿಕ್ ತೀರದಿಂದ ಹೊರಟು, ಡ್ಯಾನ್ಯೂಬ್ ನದಿಯ ದಡವನ್ನು ಹಿಡಿದು, ಕಪ್ಪು ಸಮುದ್ರವನ್ನು ಮುಟ್ಟುತ್ತದೆ. 1995ರಲ್ಲಿ ಜಾರಿಗೆ ಬಂದ ಷೆಂಗೆನ್ ಒಪ್ಪಂದದಿಂದ ಹತ್ತಾರು ದೇಶಗಳ ನಡುವಣ ಗಡಿಯ ತಪಾಸಣೆ ಬಹುಮಟ್ಟಿಗೆ ನಿಂತಿದೆ. ಭಾರತೀಯ ಪ್ರವಾಸಿಗೆ ಮಾತ್ರ ಅರ್ಧ ವರ್ಷದಲ್ಲಿ 90 ದಿನಗಳಿಗೆ ಮೀರಿ ಅಲ್ಲಿರಲು ಸಾಮಾನ್ಯ ವೀಸಾದಲ್ಲಿ ಅವಕಾಶವಿಲ್ಲ. ನಿಧಾನವಾಗಿ ಸಾಗುವವನಿಗೆ ಇದು ನಿಜವಾದ ತೊಡಕು.

ಬಿಮಲ್ ಮುಖರ್ಜಿಯವರ ಹಳೆಯ ದಾರಿಯನ್ನೂ ಇಂದಿನ ಸೇವಾಸಂಕಲ್ಪವನ್ನೂ ಒಂದುಗೂಡಿಸಿದವರು ಸೋಮೆನ್ ದೇಬ್‌ನಾಥ್. ಕಲ್ಕತ್ತೆಯ ದಕ್ಷಿಣಕ್ಕೆ, ನದಿಗಳು ಕವಲೊಡೆದು ಸಮುದ್ರಕ್ಕೆ ಸೇರುವ ಸುಂದರಬನದ ಬಾಸಂತಿ ಎಂಬ ಊರು ಅವರದು. ಹದಿನಾಲ್ಕರ ಬಾಲಕನಾಗಿದ್ದಾಗ, ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಬಳಿ ಏಡ್ಸ್ ರೋಗಿಯೊಬ್ಬ ಯಾರ ಆರೈಕೆಯೂ ಇಲ್ಲದೆ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಆ ರೋಗವೇನೆಂದು ಉಪಾಧ್ಯಾಯರನ್ನು ಕೇಳಿದರೆ ಸರಿಯಾದ ಉತ್ತರ ದೊರೆಯಲಿಲ್ಲವಂತೆ. ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯಲ್ಲಿ ತರಬೇತಿ ಪಡೆದು, ಶಾಲೆಶಾಲೆಗೆ ಹೋಗಿ ತಿಳಿಯಹೇಳಿ, 2004ರ ಮೇ 27ರಂದು ಸೈಕಲ್ಲೇರಿ ಮನೆ ಬಿಟ್ಟರು. ಮೊದಲು ಭಾರತ, ಅನಂತರ ನೆರೆಯ ರಾಷ್ಟ್ರಗಳು, ಏಷ್ಯ, ಯೂರೋಪ್, ಆಫ್ರಿಕ, ಅಮೆರಿಕ ಖಂಡಗಳು. 191 ದೇಶಗಳನ್ನು ಮುಟ್ಟುವುದು ಅವರ ಸಂಕಲ್ಪವಾಗಿತ್ತು. ಆಫ್ಘಾನಿಸ್ತಾನದ ಹೆರಾತ್ ಪ್ರಾಂತದಲ್ಲಿ ತಾಲಿಬಾನಿಗಳು ಅವರನ್ನು ಹಿಡಿದು 24 ದಿನ ಸೆರೆಯಲ್ಲಿಟ್ಟರು. ಸೆರೆಯಲ್ಲಿಟ್ಟವರಿಗೇ ಅಡಿಗೆ ಮಾಡಿಹಾಕುತ್ತ ನಂಬಿಕೆ ಗಳಿಸಿ ಬಿಡುಗಡೆ ಹೊಂದಿದೆನೆಂದು ಸೋಮೆನ್ ಹೇಳಿದ್ದಾರೆ. ಪ್ರಾಣಾಪಾಯದಿಂದ ಪಾರಾದವನು ಮನೆಗೆ ಮರಳುತ್ತಾನೆಂದೇ ನಾವು ಎಣಿಸುತ್ತೇವೆ. ಅವರು ಮುಂದಿನ ದೇಶಕ್ಕೆ ಹೋದರು.

ಇಲ್ಲಿ ಕೂಡಿಸಿದ ವಸ್ತು ಹಣವಲ್ಲ, ಅರಿವು. ಮುಟ್ಟಿದರೆ ಏಡ್ಸ್ ಬರುವುದಿಲ್ಲ, ರೋಗಿಯನ್ನು ಮನೆಯಿಂದ ಹೊರಗೆ ಹಾಕಬಾರದು ಎಂಬ ಸರಳವಾದ ಮಾತನ್ನು ಹೇಳಲು ಒಬ್ಬ ಮನುಷ್ಯ ಸಾವಿರಾರು ಹರದಾರಿ ಪೆಡಲು ತುಳಿಯಬೇಕೆ, ಅದನ್ನು ಅಚ್ಚುಮಾಡಿಸಿ ಹಂಚಿದರೆ ಸಾಲದೆ ಎಂದು ಆಕ್ಷೇಪಿಸುವವರಿದ್ದಾರೆ. ಸಾಲದು ಎಂದೇ ನನ್ನ ಉತ್ತರ. ಹಂಚಿದ ಕಾಗದವನ್ನು ಜನ ಓದದೆ ಎಸೆಯುತ್ತಾರೆ. ಸುಂದರಬನದಿಂದ ಸೈಕಲ್ಲಿನ ಮೇಲೆ ಬಂದು ತಮ್ಮ ಶಾಲೆಯ ಅಂಗಳದಲ್ಲಿ ನಿಂತವನ ಮಾತನ್ನು ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ.

ಕರ್ನಾಟಕದಲ್ಲಿಯೂ ಈ ಬಗೆಯ ಪ್ರಯತ್ನ ಇಲ್ಲದಿಲ್ಲ. 2008ರಲ್ಲಿ ಬೆಂಗಳೂರಿನ ಉತ್ಸಾಹಿಗಳು ಆರಂಭಿಸಿದ 'ಟೂರ್ ಆಫ್ ನೀಲಗಿರೀಸ್' ಎಂಬ ಸಾಮೂಹಿಕ ಯಾತ್ರೆ ಡಿಸೆಂಬರ್ ತಿಂಗಳಲ್ಲಿ ಪಶ್ಚಿಮಘಟ್ಟದ ಕಡಿದಾದ ಏರುಗಳನ್ನು ಹತ್ತಿಳಿಯುತ್ತ ಸೇವಾಕಾರ್ಯಗಳಿಗೂ ಹಣ ಒದಗಿಸಿದೆ.

ಇಂಥ ಪರಂಪರೆಯುಳ್ಳ ಕಲ್ಕತ್ತೆಯಲ್ಲಿ ಸೈಕಲ್ಲಿಗೆ ಇಂದು ದೊರೆಯುತ್ತಿರುವ ಉಪಚಾರವನ್ನು ಹೇಳದೆ ಬಿಡುವಂತಿಲ್ಲ. 2008ರಲ್ಲಿ ಕೆಲವು ರಸ್ತೆಗಳಲ್ಲಿ ಆರಂಭವಾದ ಸೈಕಲ್ ನಿಷೇಧವನ್ನು ನಗರದ ಪೋಲೀಸರು 2013ರಲ್ಲಿ 174 ರಸ್ತೆಗಳಿಗೆ ವಿಸ್ತರಿಸಿದರು. ಪ್ರತಿಭಟನೆಗಳಾದ ಮೇಲೆ ಪಟ್ಟಿ ಕಿರಿದಾಯಿತು, 2020ರ ಮಹಾಮಾರಿಯ ಕಾಲದಲ್ಲಿ ತಾತ್ಕಾಲಿಕವಾಗಿ ಸಡಿಲಿಕೆಯೂ ಆಯಿತು. ಆದರೆ ಕೆಂಪು ವೃತ್ತದೊಳಗೆ ಸೈಕಲ್ಲಿನ ಚಿತ್ರವುಳ್ಳ ಫಲಕಗಳು ಮುಖ್ಯಬೀದಿಗಳಿಂದ ಮಾಯವಾಗಲಿಲ್ಲ. ಹಿಂಬದಿಗೆ ಹಾಲಿನ ಕ್ಯಾನುಗಳನ್ನೋ ಬೆಳಗಿನ ಪತ್ರಿಕೆಯ ಕಟ್ಟುಗಳನ್ನೋ ಬಿಗಿದುಕೊಂಡು ಬರುವವನು ಅಂಥ ಫಲಕದ ಬಳಿ ಇಳಿದು, ದಂಡಕ್ಕೆ ಹೆದರಿ ಸೈಕಲ್ಲನ್ನು ಪಾದಚಾರಿಗಳ ನಡುವೆ ತಳ್ಳಿಕೊಂಡು ಹೋಗುತ್ತಾನೆ. ಅದೇ ರಾಜ್ಯದ ಸರ್ಕಾರ 2015ರಿಂದ 'ಸಬುಜ್ ಸಾಥಿ' ಯೋಜನೆಯಲ್ಲಿ ಒಂಬತ್ತನೆಯಿಂದ ಹನ್ನೆರಡನೆಯ ತರಗತಿಯವರೆಗಿನ ಲಕ್ಷಾಂತರ ವಿದ್ಯಾರ್ಥಿಗಳಿಗೆ ಸೈಕಲ್ಲು ಕೊಟ್ಟು ಪ್ರಶಂಸೆ ಪಡೆದಿದೆ. ನಮ್ಮಲ್ಲಿಯೂ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟದ್ದುಂಟು. ಒಂದು ಕೈಯಿಂದ ಸೈಕಲ್ಲನ್ನು ಕೊಟ್ಟು ಇನ್ನೊಂದು ಕೈಯಿಂದ ರಸ್ತೆಯನ್ನು ಕಸಿದುಕೊಳ್ಳುವುದು ನ್ಯಾಯವಲ್ಲ. ಮೋಟಾರುಗಳಿಗೆ ಎಡೆಮಾಡಿಕೊಡಲು ಬಡವನ ವಾಹನವನ್ನು ಓಡಿಸುವ ಈ ನೀತಿಯನ್ನು ಕಲ್ಕತ್ತೆ ಕೈಬಿಡಬೇಕು. ಬೆಂಗಳೂರು ಅದರಿಂದ ಪಾಠ ಕಲಿತು, ತನ್ನ ರಸ್ತೆಗಳ ಅಂಚಿನಲ್ಲಿ ಸೈಕಲ್ಲಿಗೆ ನಿರಾತಂಕವಾದ ಪಟ್ಟಿಯೊಂದನ್ನು ಉಳಿಸಿಕೊಡಬೇಕು.

ವಾಚಕರಲ್ಲಿ ನನ್ನದು ಎರಡೇ ಬಿನ್ನಹ. ಸೇವಾಕಾರ್ಯಕ್ಕೆಂದು ಸೈಕಲ್ ಯಾತ್ರೆ ಹೊರಟವರು ಸಹಾಯ ಕೇಳಿದರೆ, ಯಾತ್ರೆಯ ವೆಚ್ಚವನ್ನು ಯಾರು ಭರಿಸುತ್ತಾರೆ, ಕೂಡಿದ ಹಣದ ಲೆಕ್ಕವನ್ನು ಯಾವಾಗ ಪ್ರಕಟಿಸುತ್ತಾರೆ ಎಂದು ಕೇಳಿ, ಉತ್ತರ ಸಮರ್ಪಕವಾಗಿದ್ದರೆ ಧಾರಾಳವಾಗಿ ಕೊಡಿರಿ. ದೂರದೇಶದ ಸವಾರನೊಬ್ಬ ನಿಮ್ಮೂರಿನ ದಾರಿಯಲ್ಲಿ ನಿಂತು ನೀರು ಕೇಳಿದರೆ, ಬಿಮಲ್ ಮುಖರ್ಜಿಗೂ ರಾಮನಾಥ ಬಿಸ್ವಾಸರಿಗೂ ಹೆಸರು ಕೇಳದ ಊರುಗಳ ಜನ ಅನ್ನವಿಕ್ಕಿದ್ದರೆಂಬುದನ್ನು ನೆನೆದು, ಅವನನ್ನು ಒಂದು ಹೊತ್ತಿನ ಊಟಕ್ಕೆ ಕರೆಯಿರಿ.